ಇಂದಿನ ಧಮ್ಮ ಚಿಂತನೆ: ರಥಕಾರನ ಎರಡು ಗಾಲಿ



ಧಮ್ಮಬಂಧುಗಳೇ, ಈ ಬೆಳಗಿನ ಮಾತು ನನ್ನ ಹಳೆಯ ಮಾರುತಿ 800ರಿಂದ ಶುರುವಾಗುತ್ತದೆ. ನಗಬೇಡಿ, ಸುತ್ತಕ್ಕೂ ಬರುತ್ತೇನೆ.

ಮಳೆಗಾಲ ಮುಗಿದ ಮೇಲೆ ಹೊನ್ನಾವರದಿಂದ ಕುಮಟಾಕ್ಕೆ ಹೋಗುವಾಗ ಹಿಂದಿನಿಂದ ಗುಂಯ್ ಎಂಬ ಸದ್ದು ಬರತೊಡಗಿತು. ವೇಗ ಏರಿದರೆ ಸದ್ದೂ ಏರುತ್ತದೆ, ರಸ್ತೆ ಎಡಕ್ಕೆ ಹೊರಳಿದರೆ ಇನ್ನೂ ಜೋರು. ಅಂದರೆ ಭಾರ ಬಿದ್ದಾಗ ಬಲಗಡೆಯ ಹಿಂದಿನ ಗಾಲಿ ಅಳುತ್ತಿದೆ. ನಾನೇನು ಮಾಡಿದೆ? ರೇಡಿಯೋ ಜೋರು ಮಾಡಿದೆ. ಹಾಗೇ ಎರಡು ತಿಂಗಳು ಓಡಿಸಿದೆ.

ನಮ್ಮ ಕರಾವಳಿಯಲ್ಲಿ ಇದು ಹೊಸತಲ್ಲ. ನೀರು ನಿಂತ ರಸ್ತೆ, ಉಪ್ಪುಗಾಳಿ. ಆಯಿಲ್ ಸೀಲ್ ಹಳತಾದರೆ ನೀರು ಒಳಗೆ ಇಳಿಯುತ್ತದೆ, ಗ್ರೀಸ್ ಮಜ್ಜಿಗೆಯ ಹಾಗೆ ಬಿಳಿಯಾಗುತ್ತದೆ, ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಗಾಲಿ ಚೆನ್ನಾಗಿಯೇ ಇರುತ್ತದೆ. ಆದರೆ ಬೇರಿಂಗ್ ಪೂರ್ತಿ ಕೈಕೊಟ್ಟರೆ ಗಾಲಿಯೇ ಕಳಚಬಹುದು. ಹಿಂದಿನ ಸೀಟಿನಲ್ಲಿ ಕೂರುವುದು ನಮ್ಮ ಅವ್ವ.

ಸೋಮವಾರ ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಭಾನುವಾರ ಸಂಜೆ ಕತ್ತಲಾಗುವ ಮೊದಲು ಮುಗಿಸಬೇಕೆಂದು ಅವಸರದಲ್ಲಿ ಕೂತೆ. ಹಳೆಯ ಬೇರಿಂಗ್ ಕಳಚಿ ಹೊಸದನ್ನು ಡ್ರಮ್ಮಿನೊಳಗೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಸದ್ದು ನಿಂತಿತು. ಹೆಮ್ಮೆಯೂ ಆಯಿತು. ಮೂರೇ ವಾರ. ಮತ್ತೆ ಗುಂಯ್.

ಭಟ್ಕಳದಲ್ಲಿ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ, "ಎಂತಾ ಮಾರಾಯ, ಒಳಗಿನ ಬಳೆಗೆ ಹೊಡೆದ್ಯಾ?" ಎಂದರು. ಡ್ರಮ್ಮಿನಲ್ಲಿ ಬಿಗಿಯಾಗಿ ಕೂರುವುದು ಹೊರಬಳೆ. ಒಳಬಳೆಗೆ ಹೊಡೆದರೆ ಆ ಪೆಟ್ಟೆಲ್ಲ ಗುಂಡುಗಳ ಮೂಲಕ ಹೋಗಿ, ಅವು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ. ಕೂರಿಸಿದ ದಿನವೇ ಅದು ಕೆಟ್ಟಿತ್ತು, ನನಗೆ ತಿಳಿದದ್ದು ಮೂರು ವಾರದ ಮೇಲೆ.

ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ಭಗವಾನರು ಪಚೇತನ ರಾಜನ ಕಥೆ ಹೇಳುತ್ತಾರೆ. ಆರು ತಿಂಗಳಿಗೆ ಯುದ್ಧವಿದೆ, ಜೋಡಿ ಗಾಲಿ ಬೇಕು ಎಂದು ರಾಜ ರಥಕಾರನಿಗೆ ಹೇಳುತ್ತಾನೆ. ಆರು ದಿನ ಉಳಿದಾಗ ಆಗಿರುವುದು ಒಂದೇ ಗಾಲಿ. ಎರಡನೆಯದನ್ನು ಆ ಆರು ದಿನದಲ್ಲೇ ಮಾಡಿಕೊಡುತ್ತಾನೆ. ರಾಜನ ಕಣ್ಣಿಗೆ ಎರಡರಲ್ಲೂ ವ್ಯತ್ಯಾಸವಿಲ್ಲ. ರಥಕಾರ ಉರುಳಿಸಿ ತೋರಿಸುತ್ತಾನೆ. ಆರು ದಿನದ ಗಾಲಿ ತಳ್ಳಿದ ಬಲ ಇರುವಷ್ಟು ದೂರ ಹೋಗಿ, ಸುತ್ತಿ ನೆಲಕ್ಕೆ ಬಿತ್ತು. ಇನ್ನೊಂದು ಅಚ್ಚಿಗೆ ಸೇರಿಸಿಟ್ಟಂತೆ ನೆಟ್ಟಗೆ ನಿಂತಿತು. ಬಿದ್ದ ಗಾಲಿಯ ಪಟ್ಟಿ, ಅರೆಕಾಲು, ಗುಂಬ ಮೂರರಲ್ಲೂ ಡೊಂಕಿತ್ತು. ಕಾಯ, ಮಾತು, ಮನಸ್ಸಿನ ಡೊಂಕು ತೆಗೆಯದವರು ಹೀಗೇ ಧಮ್ಮದಿಂದ ಬೀಳುತ್ತಾರೆ ಎನ್ನುತ್ತಾರೆ ಭಗವಾನರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಆ ರಥಕಾರ ನಾನೇ ಆಗಿದ್ದೆ ಎನ್ನುತ್ತಾರೆ. ಹಿಂದಿನ ಜನ್ಮದ ಮಾತನ್ನು ಬಾಬಾಸಾಹೇಬರನ್ನು ಓದಿದ ನಾವು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಆದರೆ ಪಾಲಿ ಸುತ್ತಗಳಲ್ಲಿ ನೀಚಕುಲವೆಂದು ಆ ಕಾಲ ಎಣಿಸಿದವರ ಪಟ್ಟಿ ನೋಡಿ: ಚಂಡಾಲ, ನೇಸಾದ, ವೇಣ, ರಥಕಾರ, ಪುಕ್ಕುಸ. ಶಾಕ್ಯಕುಲದಲ್ಲಿ ಹುಟ್ಟಿದವರು ಆ ಪಟ್ಟಿಯೊಳಗಿನ ಕೈಕಸುಬಿನವನನ್ನು ತೋರಿಸಿ, ಅವನೇ ನಾನು ಎನ್ನುತ್ತಿದ್ದಾರೆ. ರಾಜನಿಗೆ ಕಾಣದ ಡೊಂಕು ಕಂಡದ್ದೂ ಅವನಿಗೇ.

ಎರಡನೇ ಸಲ ನಾನು ಕೂತಾಗ ಮಗಳು ಕೇಳಿದಳು: "ಅಪ್ಪ, ಗ್ಯಾರೇಜಿಗೆ ಕೊಡಬಾರದಾ? ಎದುರು ಮನೆಯವರು ನೋಡ್ತಾ ಇದಾರೆ." ಈ ಮಾತಿನ ಹಿಂದಿನ ನೋವು ನಿಮಗೆಲ್ಲ ಗೊತ್ತು. ಹುಟ್ಟಿನಿಂದ ಹೇರಿದ ಕೆಲಸ ಬಿಟ್ಟು ಬಂದವರು ನಾವು. ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೂ ಮೇಲುಕೀಳಾಗಿ ಒಡೆಯುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಕೀಳು ಎಂಬುದು ಗ್ರೀಸಿನಲ್ಲಿ ಇರಲಿಲ್ಲ ಎಂದು ಅವಳಿಗೆ ಹೇಳಿದೆ. ಪೂರ್ತಿ ಒಪ್ಪಿದಳೋ ಗೊತ್ತಿಲ್ಲ, ಆದರೆ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಳು.

ಈ ಸಲ ಇಡೀ ದಿನ ಇಟ್ಟುಕೊಂಡೆವು. ಸಮ ನೆಲ, ಮುಂದಿನ ಗಾಲಿಗಳಿಗೆ ಕಲ್ಲು, ಜಾಕ್ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್. ಹ್ಯಾಂಡ್ ಬ್ರೇಕ್ ಸಡಿಲಿಸಿ ಡ್ರಮ್ ಎಳೆದೆವು. ಹಳೆಯ ಬೇರಿಂಗನ್ನು ಒಂದೇ ಕಡೆ ಬಡಿಯದೆ, ಎದುರು ಬದುರು ಒಂದೊಂದೇ ಪೆಟ್ಟು ಕೊಟ್ಟು ಹೊರಗೆ ತಂದೆವು. ಹೊಸದನ್ನು ಹೊರಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು ನೇರವಾಗಿ ಕೂರಿಸಿದೆವು. ಹೊಸ ಸೀಲ್, ಹೊಸ ಸ್ಪ್ಲಿಟ್ ಪಿನ್. ನಟ್ ಬಿಗಿಸಲು ಅಳತೆ ತೋರಿಸುವ ಪಾನವನ್ನು ಭಟ್ಕಳದವರೇ ಕೊಟ್ಟಿದ್ದರು.

ಮಧ್ಯೆ ಚಹಾ ಕುಡಿಯುವಾಗ ನಮ್ಮ ಏಪ್ರಿಲ್ 14ರ ಮೆರವಣಿಗೆ ನೆನಪಾಯಿತು. ಅಂದು ತಳ್ಳುವ ಬಲ ಎಷ್ಟಿರುತ್ತದೆ! ನೀಲಿ ಬಾವುಟ, ಘೋಷಣೆ, ವೇದಿಕೆಯ ಮೇಲೆ ಪಂಚಶೀಲ. ಅದೇ ರಾತ್ರಿ ಬಾಟಲಿ ತೆರೆದವರನ್ನೂ ಕಂಡಿದ್ದೇನೆ, ಒಂದು ವರ್ಷ ಅವರ ನಡುವೆ ನಾನೂ ಕೂತಿದ್ದೆ. ಏಪ್ರಿಲ್ 15ರ ಬೆಳಗಿಗೆ ಗಾಲಿ ನೆಲದ ಮೇಲಿತ್ತು. ಆ ಸದ್ದಿಗೂ ನಾನು ರೇಡಿಯೋವನ್ನೇ ಜೋರು ಮಾಡಿದ್ದು.

ಗಾಲಿ ಇಳಿಸುವ ಮೊದಲು ಮಗಳು ಅದನ್ನು ಕೈಯಿಂದ ತಿರುಗಿಸಿ ಕಿವಿ ಹತ್ತಿರ ತಂದಳು. ಮೇಲೆ ಕೆಳಗೆ ಹಿಡಿದು ಅಲುಗಿಸಿದಳು. ಅಲುಗಲಿಲ್ಲ. ಸಂಜೆ ಪಾನ ಹಿಂದಿರುಗಿಸಲು ಭಟ್ಕಳಕ್ಕೆ ಹೊರಟೆವು, ಅವ್ವನೂ ಬಂದಳು. ಶರಾವತಿ ಸೇತುವೆ ದಾಟುವಾಗ ರೇಡಿಯೋ ಆರಿಸಿದೆ. ಮುರುಡೇಶ್ವರದ ಕ್ರಾಸ್ ಬರುವವರೆಗೂ ಮೂವರೂ ಮಾತಾಡದೆ ಕಿವಿಗೊಟ್ಟು ಕೂತಿದ್ದೆವು.

ಭವತು ಸಬ್ಬ ಮಂಗಲಂ. ಜೈ ಭೀಮ್.