ಆಟದಲ್ಲಿಯ ಸಂಹಾರ

೨೦೦೬ರಲ್ಲಿ ಇಂಗ್ಲೆಂಡಿನವರು ಹೊರತಂದ ‘ಡೆಫ್‌ಕಾನ್’ ಎಂಬ ಗಣಕಯಂತ್ರದ ಆಟದಲ್ಲಿ ಆಟಗಾರರು ಪರಸ್ಪರರ ನಗರಗಳ ಮೇಲೆ ಅಣ್ವಸ್ತ್ರ ಪ್ರಯೋಗಿಸುತ್ತಾರೆ. ಎದುರಾಳಿಯ ಹತ್ತು ಲಕ್ಷ ಪ್ರಜೆಗಳು ಮಡಿದರೆ ಎರಡು ಅಂಕ ಲಾಭ. ತನ್ನವರು ಅಷ್ಟು ಮಂದಿ ಮಡಿದರೆ ಒಂದು ಅಂಕ ನಷ್ಟ.

ಇದನ್ನಾಡುವವರೆಲ್ಲರೂ ಕ್ರೂರಿಗಳೆನ್ನುವುದು ನ್ಯಾಯವಲ್ಲ. ಎದುರಾಳಿಯ ಎಣಿಕೆಯನ್ನು ಮೊದಲೇ ಊಹಿಸುವ ಬುದ್ಧಿಯ ಹರ್ಷ, ಜಯದ ಆಸೆ, ಮಹಾಭಯವನ್ನು ಅಂಗೈಯಲ್ಲಿ ಹಿಡಿದೆನೆಂಬ ಭಾವ, ಇವೇ ಅವರನ್ನು ಸೆಳೆಯುತ್ತವೆ. ಶ್ರೀರಂಗಪಟ್ಟಣದಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರೂ ಚದುರಂಗಪ್ರಿಯರೇ. ಆದರೆ ೧೭೯೯ರ ಮೇ ೪ರಂದು ಅದೇ ಊರಿನ ಕೋಟೆ ಬಿದ್ದಾಗ ಮಡಿದ ಸಾವಿರಾರು ಜನರನ್ನು ಮಣೆಯ ಕಾಯಿಗಳಂತೆ ಮರಳಿ ಹೂಡಲು ಯಾರಿಂದಲೂ ಆಗಲಿಲ್ಲ.

ಮರಣವನ್ನು ಅಂಕವಾಗಿ ಎಣಿಸುತ್ತ ಮನಸ್ಸು ಜಡವಾಗುವುದೇ ದೋಷ. ಆದುದರಿಂದ ಗೃಹಸ್ಥನು ಮಗನನ್ನು ಗದರದೆ, ಆ ಎರಡು ಅಂಕಕ್ಕೆ ಎಷ್ಟು ಮನೆಗಳ ದೀಪ ಆರಿತೆಂದು ಕೇಳಲಿ. ದಯೆಯ ಬೀಜ ಆ ಪ್ರಶ್ನೆಯಲ್ಲಿದೆ.