ಹಿಟ್ಟಿನ ಕೋಳಿಯೂ ಕೊಕ್ಕೆಯ ಕೊಲೆಗಾರನೂ

ಸ್ಲ್ಯಾಷರ್ ಎಂಬ ಬಗೆಯ ಸಿನಿಮಾಗಳನ್ನು ಒಂದೆರಡು ನೋಡಿದವರಿಗೂ ಅವುಗಳ ಅಚ್ಚು ಗೊತ್ತಾಗಿಬಿಡುತ್ತದೆ. ಮುಖ ಮರೆಸಿಕೊಂಡ ಕೊಲೆಗಾರ, ಅವನ ಕೈಯಲ್ಲೊಂದು ಹರಿತವಾದ ಆಯುಧ, ಒಬ್ಬೊಬ್ಬರಾಗಿ ಬಲಿಯಾಗುವ ಹದಿಹರೆಯದವರು, ಹೇಳಿದರೂ ನಂಬದ ದೊಡ್ಡವರು, ಕೊನೆಗೆ ಬದುಕುಳಿಯುವ ಒಬ್ಬ ಹುಡುಗಿ. ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಮತ್ತು ‘ಫ್ರೈಡೇ ದ ಥರ್ಟೀನ್ತ್’ (1980) ಈ ಅಚ್ಚನ್ನು ಗಟ್ಟಿ ಮಾಡಿದವು. ಬದುಕುಳಿಯುವ ಆ ಹುಡುಗಿಗೆ ವಿದ್ವಾಂಸೆ ಕರೋಲ್ ಕ್ಲೋವರ್ 1987ರ ಲೇಖನವೊಂದರಲ್ಲಿ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಇಂಥ ಚಿತ್ರದಲ್ಲಿ ಏನಾಗುತ್ತದೆ ಎಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಯಾವಾಗ, ಯಾವ ಬಾಗಿಲ ಹಿಂದಿನಿಂದ ಎಂಬುದಷ್ಟೇ ಕುತೂಹಲ.

ಇವನ್ನು ಹೊತ್ತು ಕಳೆಯುವ ಸರಕೆಂದು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಈ ಅಚ್ಚಿನೊಳಗೇ ಒಂದು ನೈತಿಕ ಪ್ರಶ್ನೆ ಕೂತಿದೆ. ಎಷ್ಟೋ ಸ್ಲ್ಯಾಷರ್‌ಗಳಲ್ಲಿ ಕೊಲೆಗಳ ಹಿಂದೆ ಹಳೆಯ ತಪ್ಪೊಂದಿರುತ್ತದೆ. ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ನೋಡಿಕೊಳ್ಳಬೇಕಾದವರು ಮೈಮರೆತಿದ್ದರಿಂದ ಹುಡುಗನೊಬ್ಬ ನೀರಿನಲ್ಲಿ ಮುಳುಗಿದ್ದಾನೆ, ಸೇಡಿಗೆ ಬರುವವಳು ಅವನ ತಾಯಿ. ಅದೇ ವರ್ಷದ ‘ಪ್ರಾಮ್ ನೈಟ್’ನಲ್ಲಿ ಮಕ್ಕಳ ಆಟ ಮಿತಿಮೀರಿ ಹುಡುಗಿಯೊಬ್ಬಳು ಸಾಯುತ್ತಾಳೆ, ಉಳಿದವರು ಯಾರಿಗೂ ಹೇಳಬಾರದೆಂದು ಆಣೆ ಮಾಡಿಕೊಳ್ಳುತ್ತಾರೆ. ಮುಚ್ಚಿಟ್ಟ ತಪ್ಪು ಮುಂದೆ ಏನಾಗುತ್ತದೆ ಎಂಬ ಈ ಪ್ರಶ್ನೆಯನ್ನು ಹೆಸರಿನಲ್ಲೇ ಹೊತ್ತುಕೊಂಡ ಚಿತ್ರವೊಂದಿದೆ: 1997ರ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’. ಕಳೆದ ಬೇಸಿಗೆಯಲ್ಲಿ ನೀವು ಮಾಡಿದ್ದು ನನಗೆ ಗೊತ್ತು ಎಂದು ಅರ್ಥ. ಹಿಂದಿನ ವರ್ಷವಷ್ಟೇ ‘ಸ್ಕ್ರೀಮ್’ ಬರೆದು ಹೆಸರು ಮಾಡಿದ್ದ ಕೆವಿನ್ ವಿಲಿಯಮ್ಸನ್ ಅವರ ಚಿತ್ರಕಥೆ, ಜಿಮ್ ಗಿಲೆಸ್ಪಿ ಅವರ ನಿರ್ದೇಶನ. ಇದು ಬಲು ಒಳ್ಳೆಯ ಸಿನಿಮಾ ಎಂದು ವಾದಿಸುವ ಉದ್ದೇಶ ನನಗಿಲ್ಲ. ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಎಂದು ನೋಡಿದರೆ ನಮ್ಮ ಬಗ್ಗೆಯೇ ಒಂದು ವಿಷಯ ತಿಳಿಯುತ್ತದೆ ಎಂಬುದಷ್ಟೇ ನನ್ನ ಮಾತು.

ಕಥೆ ನಡೆಯುವುದು ಅಮೆರಿಕದ ನಾರ್ತ್ ಕೆರೊಲಿನಾದ ಸೌತ್‌ಪೋರ್ಟ್ ಎಂಬ ಮೀನುಗಾರರ ಊರಿನಲ್ಲಿ. ಜುಲೈ 4ರ ಸ್ವಾತಂತ್ರ್ಯೋತ್ಸವದ ರಾತ್ರಿ. ಶಾಲೆ ಮುಗಿಸಿದ ನಾಲ್ವರು ಗೆಳೆಯರು, ಜೂಲಿ, ಹೆಲೆನ್, ಬ್ಯಾರಿ, ರೇ, ಕಡಲತೀರದಿಂದ ಕಾರಿನಲ್ಲಿ ಮರಳುತ್ತಿದ್ದಾರೆ. ಕಾರು ಬ್ಯಾರಿಯದು, ಅವನು ಕುಡಿದಿದ್ದಾನೆ, ಓಡಿಸುತ್ತಿರುವವನು ರೇ. ತಿರುವಿನಲ್ಲಿ ಯಾರೋ ಒಬ್ಬನಿಗೆ ಕಾರು ಬಡಿಯುತ್ತದೆ. ಪೊಲೀಸರಿಗೆ ಹೇಳೋಣ ಎಂದು ಜೂಲಿ ಗೋಗರೆಯುತ್ತಾಳೆ. ಹೇಳಿದರೆ ಕಾಲೇಜು, ಭವಿಷ್ಯ ಎಲ್ಲ ಮುಗಿಯಿತು ಎಂದು ಬ್ಯಾರಿ ಗದರುತ್ತಾನೆ. ದೇಹವನ್ನು ನೀರಿಗೆ ಹಾಕುವುದೆಂದು ತೀರ್ಮಾನವಾಗುತ್ತದೆ. ಹಡಗುಕಟ್ಟೆಯ ಅಂಚಿನಲ್ಲಿ ಸತ್ತನೆಂದುಕೊಂಡವನು ಅಲುಗುತ್ತಾನೆ, ಆ ದಿನ ಸೌಂದರ್ಯ ಸ್ಪರ್ಧೆಯಲ್ಲಿ ಹೆಲೆನ್ ಗೆದ್ದಿದ್ದ ಕಿರೀಟವನ್ನು ಹಿಡಿದುಕೊಂಡೇ ನೀರಿಗೆ ಬೀಳುತ್ತಾನೆ. ಬ್ಯಾರಿ ಹಿಂದೆಯೇ ನೀರಿಗೆ ಹಾರುತ್ತಾನೆ. ಹಾರುವುದು ಕಿರೀಟವನ್ನು ತರಲು, ಮನುಷ್ಯನನ್ನು ತರಲು ಅಲ್ಲ.

ಇಡೀ ಚಿತ್ರದಲ್ಲಿ ಇದಕ್ಕಿಂತ ಭಯಂಕರವಾದ ದೃಶ್ಯ ನನಗೆ ಕಾಣಲಿಲ್ಲ. ಇಲ್ಲಿ ರಕ್ತವಿಲ್ಲ, ಕೊಕ್ಕೆಯಿಲ್ಲ. ಕೆಟ್ಟವರೂ ಇಲ್ಲ. ಸಾಮಾನ್ಯ ಮಕ್ಕಳು ಹತ್ತಿಪ್ಪತ್ತು ನಿಮಿಷಗಳಲ್ಲಿ ಮಾಡಬಾರದ್ದನ್ನು ಮಾಡಿಬಿಡುತ್ತಾರೆ. ಅದೂ ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಅಪಘಾತ, ಆಮೇಲೆ ಸುಳ್ಳು, ಆಮೇಲೆ ದೇಹ ಸಾಗಿಸುವುದು, ಕೊನೆಗೆ ಉಸಿರಿರುವವನನ್ನು ಬಿಟ್ಟು ಹೋಗುವುದು. ಯಾವ ಮೆಟ್ಟಿಲಲ್ಲೂ ಅವರು ಕೊಲೆಗಾರರಾಗಲು ಹೊರಟವರಲ್ಲ.

ಮುಂದಿನ ಭಾಗವೂ ಚೆನ್ನಾಗಿದೆ. ಒಂದು ವರ್ಷ ಕಳೆದಿದೆ. ಜೂಲಿ ಕಾಲೇಜಿನಲ್ಲಿ ಹಿಂದೆ ಬಿದ್ದಿದ್ದಾಳೆ, ಮನೆಗೆ ಬರಲೂ ಮನಸ್ಸಿಲ್ಲ. ನಟಿಯಾಗಲು ನ್ಯೂಯಾರ್ಕಿಗೆ ಹೋಗಿದ್ದ ಹೆಲೆನ್ ಸೋತು ಬಂದು ಮನೆಯವರ ಅಂಗಡಿಯಲ್ಲಿ ನಿಂತಿದ್ದಾಳೆ. ರೇ ದೋಣಿಯಲ್ಲಿ ಮೀನುಗಾರಿಕೆಗೆ ಹೋಗುತ್ತಾನೆ. ಗೆಳೆತನವಾಗಲಿ ಪ್ರೀತಿಯಾಗಲಿ ಉಳಿದಿಲ್ಲ. ಯಾರೂ ಅವರನ್ನು ಹಿಡಿದಿಲ್ಲ, ಯಾರೂ ಶಿಕ್ಷಿಸಿಲ್ಲ. ಆದರೂ ಯಾವ ಭವಿಷ್ಯವನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯನನ್ನು ನೀರಿಗೆ ಹಾಕಿದರೋ ಆ ಭವಿಷ್ಯ ಅವರ ಕೈಯಲ್ಲಿಲ್ಲ. ಆಗ ಜೂಲಿಗೆ ಒಂದು ಸಾಲಿನ ಕಾಗದ ಬರುತ್ತದೆ. ಚಿತ್ರದ ಹೆಸರೇ ಆ ಸಾಲು.

ಆ ಕಾಗದದಿಂದಾಚೆಗೆ ಸೂತ್ರ ತನ್ನ ಕೆಲಸ ಶುರುಮಾಡುತ್ತದೆ. ಮೀನುಗಾರನ ಮಳೆಕೋಟು ತೊಟ್ಟವನೊಬ್ಬ ಕೊಕ್ಕೆ ಹಿಡಿದು ಬರುತ್ತಾನೆ. ಸೂತ್ರಕ್ಕೆ ಅದರದೇ ಕಸುಬುಗಾರಿಕೆ ಇದೆ ಎಂಬುದನ್ನು ಒಪ್ಪಬೇಕು. ಹೆಲೆನ್ ಓಡುವ ದೀರ್ಘ ದೃಶ್ಯವನ್ನೇ ನೋಡಿ. ಅಂಗಡಿಯೊಳಗಿಂದ ಪಾರಾಗಿ, ಕಿಟಕಿಯಿಂದ ಹಾರಿ, ಗಲ್ಲಿಯ ತುದಿಗೆ ಬರುತ್ತಾಳೆ. ಕೆಲವೇ ಹೆಜ್ಜೆ ಆಚೆ ಊರಿಗೆ ಊರೇ ಸೇರಿದ ಹಬ್ಬದ ಮೆರವಣಿಗೆ. ಅವಳ ಕೂಗು ಬ್ಯಾಂಡಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅವಳಿಗೆ ಕಿರೀಟ ತೊಡಿಸಿದ್ದ ಊರೇ ಅದು.

ಆದರೆ ಇದೇ ಹೊತ್ತಿನಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿರುತ್ತದೆ. ಅಪರಾಧಭಾವದ ಜಾಗಕ್ಕೆ ಭಯ ಬಂದು ಕೂತಿರುತ್ತದೆ. ಇವೆರಡೂ ನೋಡಲು ಒಂದೇ ಥರ: ನಿದ್ದೆ ಬರುವುದಿಲ್ಲ, ಬಾಗಿಲ ಸದ್ದಿಗೆ ಮೈ ನಡುಗುತ್ತದೆ. ಆದರೆ ಅಪರಾಧಭಾವ ನಾನು ಏನು ಮಾಡಿದೆ ಎಂದು ಕೇಳಿದರೆ, ಭಯ ನನಗೆ ಏನಾಗುತ್ತದೆ ಎಂದು ಕೇಳುತ್ತದೆ. ಅಟ್ಟಿಸಿಕೊಂಡು ಬರುವವನೊಬ್ಬ ಸಿಕ್ಕ ಕೂಡಲೇ ತಪ್ಪು ಮಾಡಿದವರು ಸಂತ್ರಸ್ತರಾಗುತ್ತಾರೆ, ನಾವು ಅವರ ಕಡೆ ನಿಲ್ಲುತ್ತೇವೆ. ಸೇಡಿನ ಲೆಕ್ಕವೂ ಸರಿಯಿಲ್ಲ. ಮೊದಲು ಸಾಯುವ ಮ್ಯಾಕ್ಸ್ ಆ ರಾತ್ರಿ ದಾರಿಯಲ್ಲಿ ಹಾದುಹೋದವನಷ್ಟೇ. ಹೆಲೆನ್‌ಳ ಅಕ್ಕ, ಅವಳ ರಕ್ಷಣೆಗಿದ್ದ ಪೊಲೀಸ್, ಇವರಿಗೆ ಆ ಅಪಘಾತದ ಗಂಧವೂ ಇಲ್ಲ. ಕಾರು ಓಡಿಸಿದ ರೇ ಉಳಿಯುತ್ತಾನೆ.

ಕೊನೆಯ ತಿರುವು ಉಳಿದಿದ್ದನ್ನೂ ಒರೆಸಿಹಾಕುತ್ತದೆ. ತಾವು ಕೊಂದದ್ದು ಡೇವಿಡ್ ಈಗನ್ ಎಂಬ ಯುವಕನನ್ನು ಎಂದು ಗೆಳೆಯರು ನಂಬಿರುತ್ತಾರೆ. ನಿಜದಲ್ಲಿ ಕಾರಿಗೆ ಸಿಕ್ಕವನು ಬೆನ್ ವಿಲ್ಲಿಸ್ ಎಂಬ ಮೀನುಗಾರ. ವರ್ಷದ ಹಿಂದೆ ಡೇವಿಡ್ ಓಡಿಸುತ್ತಿದ್ದ ಕಾರಿನ ಅಪಘಾತದಲ್ಲಿ ವಿಲ್ಲಿಸ್‌ನ ಮಗಳು ಸತ್ತಿದ್ದಳು. ಆ ಸೇಡಿಗೆ ಡೇವಿಡ್‌ನನ್ನು ಕೊಂದು ಬರುತ್ತಿದ್ದ ವಿಲ್ಲಿಸ್‌ಗೆ ಇವರ ಕಾರು ಬಡಿದಿತ್ತು. ಅಂದರೆ ಇವರು ಯಾರನ್ನೂ ಕೊಂದಿಲ್ಲ. ಗುದ್ದಿದ್ದೂ ಒಬ್ಬ ಕೊಲೆಗಾರನಿಗೆ! ಜೂಲಿಯೂ ರೇಯೂ ನಿಟ್ಟುಸಿರು ಬಿಡುತ್ತಾರೆ. ವಿಲ್ಲಿಸ್ ನಿಮ್ಮನ್ನೇಕೆ ಕೊಲ್ಲಲು ಬಂದ ಎಂದು ಪೊಲೀಸರು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಅಷ್ಟು ಸಾವುಗಳಾದ ಮೇಲೂ ಅದೇ ಸುಳ್ಳು. ಸಿನಿಮಾ ಅದನ್ನು ಸುಖಾಂತದಂತೆ ತೋರಿಸುತ್ತದೆ.

ಇಲ್ಲಿ ಕನ್ನಡದ ಓದುಗರಿಗೆ ಜನ್ನನ ನೆನಪಾಗದೆ ಇರದು. ಹದಿಮೂರನೆಯ ಶತಮಾನದ ಆರಂಭದಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ರಾಜ ಕೊನೆಗೆ ನಡುದಾರಿ ಹಿಡಿದು ಹಿಟ್ಟಿನ ಕೋಳಿಯೊಂದನ್ನು ಕಡಿಯುತ್ತಾನೆ. ಸತ್ತದ್ದು ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನವೆಯುತ್ತಾರೆ. ಇದು ಸಂಕಲ್ಪ ಹಿಂಸೆ: ಕತ್ತಿ ಎತ್ತುವಾಗ ಮನಸ್ಸಿನಲ್ಲಿದ್ದದ್ದು ಕೊಲೆಯೇ ತಾನೆ? ಹಿಟ್ಟಿನ ಕೋಳಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನಮಗೆ ಅನ್ನಿಸಬಹುದು. ನನಗೂ ಆ ಲೆಕ್ಕ ಕಠೋರವೆನಿಸುತ್ತದೆ. ಆದರೆ ಹಾಲಿವುಡ್ಡಿನ ಈ ಚಿತ್ರ ಇನ್ನೊಂದು ತುದಿಗೆ ಹೋಗಿ, ಕೋಳಿ ಹಿಟ್ಟಿನದಾಗಿದ್ದರೆ ಕಡಿದ ಕೈ ಶುದ್ಧ ಎನ್ನುತ್ತದೆ. ಅಲ್ಲದೆ ನಾಲ್ವರ ಎದುರಿಗಿದ್ದದ್ದು ಹಿಟ್ಟಲ್ಲ, ಉಸಿರಾಡುವ ಮನುಷ್ಯ. ಅವನು ಕೊಲೆಗಾರನೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಗತಿ ಅವರ ಪರವಾಗಿ ಸಾಕ್ಷಿ ಹೇಳುವುದು ಹೇಗೆ?

ಇದನ್ನೇ ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ‘ನೈತಿಕ ಅದೃಷ್ಟ’ ಎಂಬ ಹೆಸರಿನಲ್ಲಿ ಚರ್ಚಿಸಿದರು. ಇಬ್ಬರು ಚಾಲಕರು ಒಂದೇ ಬಗೆಯ ಅಜಾಗರೂಕತೆ ತೋರುತ್ತಾರೆ. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ದಾರಿಗೆ ಬರುವುದಿಲ್ಲ. ನಾವು ಮೊದಲನೆಯವನನ್ನು ಹೆಚ್ಚು ದೂರುತ್ತೇವೆ. ಅದೃಷ್ಟ ನಮ್ಮ ತೀರ್ಪನ್ನು ಬದಲಿಸುತ್ತದೆ ಎಂಬುದು ನಿಜ. ಆದರೆ ಅದು ಮಾಡಿದವನ ಒಳಗಿನ ಪ್ರಶ್ನೆಯನ್ನೂ ಬದಲಿಸಬೇಕೇ? ಪಾರಾದ ಚಾಲಕ, ಸದ್ಯ ಯಾರಿಗೂ ಏನೂ ಆಗಲಿಲ್ಲ ಎಂದು ಉಸಿರು ಬಿಡುವುದು ಸಹಜ. ನಾನೇನೂ ತಪ್ಪು ಮಾಡಲಿಲ್ಲ ಎಂದುಕೊಂಡರೆ ಅದು ಬೇರೆ ಮಾತು. ಜೂಲಿ ಮತ್ತು ರೇ ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತಾರೆ, ಪ್ರೇಕ್ಷಕರಾದ ನಾವೂ ಅವರ ಜೊತೆ ಜಾರುತ್ತೇವೆ.

ಈ ಚಿತ್ರಕ್ಕೆ ಆಧಾರವಾದ ಕಾದಂಬರಿಯಲ್ಲಿ ಇಂಥ ರಿಯಾಯಿತಿ ಇರಲಿಲ್ಲ. ಲೋಯಿಸ್ ಡಂಕನ್ ಹದಿಹರೆಯದವರಿಗಾಗಿ ಅದನ್ನು ಬರೆದದ್ದು 1973ರಲ್ಲಿ. ಅಲ್ಲಿ ಕಾರಿಗೆ ಸಿಕ್ಕು ಸಾಯುವವನು ಸೈಕಲ್ ಮೇಲೆ ಹೋಗುತ್ತಿದ್ದ ಬಾಲಕ. ಯಾವ ತಿರುವೂ ಆ ಸಾವನ್ನು ಹಗುರ ಮಾಡುವುದಿಲ್ಲ. ಕೊಕ್ಕೆಯ ಸರಣಿ ಕೊಲೆಗಳೂ ಅಲ್ಲಿಲ್ಲ. 1989ರಲ್ಲಿ ಡಂಕನ್ ಅವರ ಹದಿನೆಂಟರ ಮಗಳು ಗುಂಡೇಟಿಗೆ ಬಲಿಯಾದಳು. ಉತ್ತರ ಹುಡುಕುತ್ತ ಆ ತಾಯಿ ಪುಸ್ತಕವನ್ನೇ ಬರೆದರು, 2016ರಲ್ಲಿ ತೀರಿಕೊಳ್ಳುವವರೆಗೂ ಪ್ರಕರಣ ಬಗೆಹರಿದಿರಲಿಲ್ಲ. ತಮ್ಮ ಕಥೆ ಚೀರುತ್ತ ನಗುತ್ತ ನೋಡುವ ಕೊಲೆಗಳ ಸರಣಿಯಾದದ್ದು ಅವರಿಗೆ ತೀವ್ರ ನೋವು ತಂದಿತು. ಅದನ್ನವರು ಬಹಿರಂಗವಾಗಿಯೇ ಹೇಳಿದರು.

ಚಿತ್ರದಲ್ಲೂ ಅವರಂತೆ ಉತ್ತರಕ್ಕಾಗಿ ಕಾದವಳೊಬ್ಬಳಿದ್ದಾಳೆ: ಡೇವಿಡ್‌ನ ಅಕ್ಕ ಮಿಸ್ಸಿ. ಊರಾಚೆಯ ಮನೆಯಲ್ಲಿ ಒಂಟಿಯಾಗಿದ್ದಾಳೆ. ತಮ್ಮ ಆತ್ಮಹತ್ಯೆ ಮಾಡಿಕೊಂಡನೆಂದು ನಂಬಿದ್ದಾಳೆ. ಜೂಲಿ, ಹೆಲೆನ್ ಕಾರು ಕೆಟ್ಟಿದೆ ಎಂಬ ನೆಪ ಹೇಳಿ ಅವಳಿಂದ ಮಾಹಿತಿ ಪಡೆಯುತ್ತಾರೆ. ಅವರಿಗೂ ಮೊದಲು ರೇ ಅಲ್ಲಿಗೆ ಹೋಗಿದ್ದ, ಡೇವಿಡ್‌ನ ಗೆಳೆಯನೆಂದು, ಸುಳ್ಳು ಹೆಸರಿನಲ್ಲಿ. ಪಶ್ಚಾತ್ತಾಪ ಅವಳ ಹೊಸ್ತಿಲವರೆಗೆ ಬಂದು ಬಾಯಿ ಬಿಡದೆ ಹಿಂದಿರುಗಿತ್ತು. ಈ ಒಂದು ಎಳೆಯನ್ನು ಹಿಡಿದು ಹೋಗಿದ್ದರೆ ಚಿತ್ರ ಬೇರೆಯದೇ ಆಗುತ್ತಿತ್ತು. ಸೂತ್ರಕ್ಕೆ ಅದು ಬೇಕಿರಲಿಲ್ಲ, ಕೊಕ್ಕೆ ಬೇಕಿತ್ತು.

ಕೊನೆಯಲ್ಲಿ ಜೂಲಿ ಮತ್ತೆ ಕಾಲೇಜಿನಲ್ಲಿದ್ದಾಳೆ. ಸ್ನಾನದಮನೆಯ ಹಬೆಯಲ್ಲಿ, ನನಗೆ ಈಗಲೂ ಗೊತ್ತು ಎಂಬ ಬರಹ ಕಾಣುತ್ತದೆ. ಮುಂದಿನ ವರ್ಷ ಬರಲಿದ್ದ ಎರಡನೇ ಭಾಗಕ್ಕೆ ಅದು ಪೀಠಿಕೆ. ಆದರೆ ವಿಲ್ಲಿಸ್ ಬದುಕಿರಲಿ ಸಾಯಲಿ, ಆ ಮಾತನ್ನು ಹೇಳಬೇಕಾದವಳು ಜೂಲಿಯೇ. ಹೇಳಬೇಕಾದದ್ದು ಮಿಸ್ಸಿಯ ಎದುರು ನಿಂತು, ತನ್ನ ನಿಜವಾದ ಹೆಸರಿನಲ್ಲಿ.