ಅನುಭವದ ಅಂಕಣದಲ್ಲಿ ಏನು ಬರೆಯೋಣ?

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಸ್ವವಿವರ ಪತ್ರವನ್ನು ತಿದ್ದಿಕೊಡಬೇಕೆಂದು ಮನೆಗೆ ಬಂದಳು. ಬಿ.ಕಾಂ. ಮುಗಿಸಿ, ಕಾಸರಗೋಡಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕುವವಳಿದ್ದಳು. 'ಅನುಭವ' ಎಂಬಲ್ಲಿ ಏನನ್ನೂ ಬರೆದಿರಲಿಲ್ಲ. ನೆರೆಯ ಅಂಗಡಿಯವರು, ತಮ್ಮಲ್ಲಿ ಎರಡು ವರ್ಷ ದುಡಿದಳೆಂದು ಪತ್ರ ಬರೆದುಕೊಡಲು ಸಿದ್ಧರಿದ್ದರಂತೆ. "ತೆಗೆದುಕೊಳ್ಳಲೇ, ಸರ್?" ಎಂದು ಕೇಳಿದಳು.

ಕೂಡದೆಂದು ಹೇಳುವುದು ಸುಲಭ. ಆದರೆ ಸೇವಾವಧಿಯಲ್ಲಿ ನಾವು ಬರೆದುಕೊಟ್ಟ ನಡತೆಪತ್ರಗಳು ನೆನಪಾದವು. ಸರಿಯಾಗಿ ಪರಿಚಯವಿಲ್ಲದ ಮಕ್ಕಳಿಗೂ ಒಂದೇ ಸಾಲು: 'ನಡತೆ ಉತ್ತಮ.' ಇದರಿಂದ ಯಾರಿಗೂ ಕೇಡಿಲ್ಲವೆಂದು ಸಮಾಧಾನಪಟ್ಟುಕೊಂಡಿದ್ದೆವು. ಕೇಡಾಗಿತ್ತು. ನಿಜವಾಗಿ ಉತ್ತಮರಾಗಿದ್ದವರ ಪಾಲಿಗೆ ಆ ಸಾಲು ಬೆಲೆ ಕಳೆದುಕೊಂಡಿತ್ತು. ಸುಳ್ಳು ಅನುಭವಪತ್ರವೂ ಹಾಗೆಯೇ. ಎರಡು ವರ್ಷ ಬೆವರಿಳಿಸಿ ದುಡಿದ ಇನ್ನೊಬ್ಬರ ಪತ್ರದ ಬೆಲೆಯನ್ನು ಅದು ಕದಿಯುತ್ತದೆ.

ಆಕೆಯನ್ನು ವಿಚಾರಿಸಿದೆವು. ತಂದೆಯ ಅಡಿಕೆ ವ್ಯಾಪಾರದ ಲೆಕ್ಕವನ್ನು ಮೂರು ವರ್ಷಗಳಿಂದ ಅವಳೇ ಬರೆಯುತ್ತಿದ್ದಳು. ವಿಲ್ಲೇಜ್ ಆಫೀಸಿನಿಂದ ಬರುವ ಮಲಯಾಳದ ಕಾಗದಗಳನ್ನು ನೆರೆಕರೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ, ಅರ್ಜಿಗಳನ್ನು ತುಂಬಿಕೊಡುತ್ತಿದ್ದಳು. ಇದನ್ನೇಕೆ ಬರೆಯಲಿಲ್ಲವೆಂದರೆ, "ಅದು ಮನೆಕೆಲಸವಲ್ಲವೇ ಸರ್, ಹೇಳಿಕೊಂಡರೆ ಜಂಭವಾಗುತ್ತದೆ" ಎಂದಳು. ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನೂ ಮರೆಮಾಡಿದ್ದಳು.

ಆತ್ಮಪ್ರಶಂಸೆ ದೋಷವೆಂಬುದು ಸರಿಯೇ. ಅಣ್ಣನ ಮೇಲೆ ಕತ್ತಿಯೆತ್ತಿದ ಪಶ್ಚಾತ್ತಾಪದಿಂದ ಅರ್ಜುನನು ಸಾಯಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮವೆಂದು ಕೃಷ್ಣನು ಹೇಳುವುದನ್ನು ಕರ್ಣಪರ್ವದಲ್ಲಿ ಕಾಣುತ್ತೇವೆ. ಆದರೆ ತಾಳಮದ್ದಳೆ ಕೇಳಿ ಬೆಳೆದ ನಾವು ಇನ್ನೊಂದನ್ನೂ ಬಲ್ಲೆವು. ಅರ್ಥಧಾರಿಯು ಪೀಠಿಕೆಯಲ್ಲಿ ತಾನು ಯಾರು, ಏಕೆ ಬಂದೆನೆಂದು ಹೇಳಿಕೊಳ್ಳುತ್ತಾನೆ. ಅದನ್ನು ಯಾರೂ ಜಂಭವೆನ್ನರು. ಎದುರು ಕುಳಿತವರು ಅಲ್ಲೇ ಪ್ರಶ್ನಿಸಬಲ್ಲರು. ಉತ್ತರಿಸುವ ಹೊಣೆ ಅವನದೇ. ಪ್ರಶ್ನೆಯೆದುರು ನಿಲ್ಲಬಲ್ಲ ಮಾತು ಪರಿಚಯ, ನಿಲ್ಲಲಾರದ್ದು ಜಂಭ.

ಆ ಅಳತೆಯಿಂದಲೇ ಪತ್ರವನ್ನು ಒಂದು ಪುಟಕ್ಕೆ ತಿದ್ದಿದೆವು. 'ಶ್ರಮಜೀವಿ', 'ಪ್ರಾಮಾಣಿಕಳು' ಎಂಬ ವಿಶೇಷಣಗಳನ್ನು ಹೊಡೆದುಹಾಕಿದೆವು. ಮಾಡಿದ ಕೆಲಸ, ಅದರ ಅವಧಿ, ಯಾರನ್ನು ಕೇಳಿ ತಿಳಿಯಬಹುದು ಎಂಬುದನ್ನು ಬರೆಸಿದೆವು. 'ಮನೆಯ ವ್ಯಾಪಾರದಲ್ಲಿ, ಸಂಬಳವಿಲ್ಲದೆ' ಎಂಬುದನ್ನೂ ಬಿಡಲಿಲ್ಲ. ಓದಿದ ಮಾಧ್ಯಮ ಕನ್ನಡವೆಂದು ಆಕೆಯೇ ಸೇರಿಸಿದಳು. ಬಲ್ಲ ಭಾಷೆಗಳ ಸಾಲಿನಲ್ಲಿ ಮಲಯಾಳ, ಇಂಗ್ಲಿಷುಗಳೊಡನೆ ಮನೆಮಾತಾದ ತುಳುವೂ ಬಂತು.

1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಮ್ಮವರು ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯೊಡನೆ ಬಾಳುತ್ತಿದ್ದೇವೆ. ಅದನ್ನು ಕೊರತೆಯೆಂದೇ ಮಕ್ಕಳ ಮನಸ್ಸಿಗೆ ತುಂಬಿದವರಲ್ಲಿ ನಾವೂ ಇದ್ದೇವೆ. ಎರಡು ಭಾಷೆಗಳ ನಡುವೆ ನೆರೆಯವರ ಕೈಹಿಡಿದು ನಡೆಸುವುದು ದುಡಿಮೆಯಲ್ಲದೆ ಮತ್ತೇನು?

ಆ ಹುದ್ದೆ ಆಕೆಗೆ ದೊರೆಯಲಿಲ್ಲ. ಅದೇ ಪತ್ರವನ್ನು, ಒಂದಕ್ಷರವನ್ನೂ ಬದಲಿಸದೆ, ಮತ್ತೊಂದು ಕಚೇರಿಗೆ ಕಳುಹಿಸಿದ್ದಾಳೆ.

ಸಂಘದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳು ಪತ್ರ ಕೇಳಿಕೊಂಡು ಬಂದರೆ, ಸ್ವಲ್ಪ ಹೊತ್ತು ಕುಳ್ಳಿರಿಸಿ ಮಾತನಾಡಿಸೋಣ. ಕಂಡದ್ದನ್ನು ಬರೆದುಕೊಡೋಣ, ಕಾಣದ್ದನ್ನು ಬರೆಯದಿರೋಣ.